ಸೇಡಿನ ಹಾರರ್ ಚಿತ್ರವನ್ನು ಈಗ ಮತ್ತೆ ಮಾಡೋದಾದ್ರೆ ಹುಡುಗಿ ಬದುಕಬೇಕಾ?

ಮಂಜುಮುಸುಕು, ಮಡಿಕೇರಿ

ನಾವು ಗೆಳೆಯರು ಸೇರಿ ಒಂದು ಸ್ಕ್ರಿಪ್ಟ್ ಬರೀತಿದ್ದೀವಿ, ಒಂದು ಕಡೆ ಬಂದು ನಿಂತುಬಿಟ್ಟಿದೆ. ಸಿನಿಮಾ ಮಾಡೋರು, ನೋಡೋರು, ಹಾರರ್ ಅಂದ್ರೆ ಮೂಗು ಮುರಿಯೋರು, ಎಲ್ಲರೂ ಅಭಿಪ್ರಾಯ ಹೇಳಿ.

ಅಮೆರಿಕದ ನಿರ್ದೇಶಕ ವೆಸ್ ಕ್ರೇವನ್ ಅವರ ಮೊದಲ ಚಿತ್ರ 'ದಿ ಲಾಸ್ಟ್ ಹೌಸ್ ಆನ್ ದಿ ಲೆಫ್ಟ್' ಬಂದಿದ್ದು 1972ರಲ್ಲಿ. ಜೈಲಿಂದ ತಪ್ಪಿಸಿಕೊಂಡವರ ಗುಂಪು ಇಬ್ಬರು ಹುಡುಗಿಯರ ಮೇಲೆ ದೌರ್ಜನ್ಯ ಮಾಡಿ ಕೊಲ್ಲುತ್ತೆ. ಗಾಡಿ ಕೆಟ್ಟಿದ್ದರಿಂದ ರಾತ್ರಿ ಕಳೆಯೋಕೆ ಅಂತ ಹತ್ತಿರದ ಮನೆಗೆ ಹೋಗುತ್ತೆ. ಅದು ಆ ಹುಡುಗಿಯರಲ್ಲಿ ಒಬ್ಬಳ ಮನೆ. ಗುಂಪಿನ ಹುಡುಗನ ಕೊರಳಲ್ಲಿ ಮಗಳ ಸರ ನೋಡಿದಾಗ ತಾಯಿಗೆ ಗೊತ್ತಾಗಿಹೋಗುತ್ತೆ. ಆಮೇಲೆ ಅಪ್ಪ, ಅಮ್ಮ ಇಬ್ಬರೂ ಸೇರಿ ಅವರನ್ನು ಮುಗಿಸ್ತಾರೆ. ಬ್ರಿಟನ್ 1974ರಲ್ಲಿ ಇದಕ್ಕೆ ಪ್ರಮಾಣಪತ್ರವನ್ನೇ ಕೊಡಲಿಲ್ಲ. ಅಲ್ಲಿ ಕತ್ತರಿ ಬೀಳದೆ ಪಾಸಾಗಿದ್ದು 2008ರಲ್ಲಿ.

2009ರಲ್ಲಿ ಡೆನ್ನಿಸ್ ಇಲಿಯಾಡಿಸ್ ಇದನ್ನೇ ರೀಮೇಕ್ ಮಾಡಿದ್ರು, ಕ್ರೇವನ್ ಅವರೇ ನಿರ್ಮಾಪಕರಲ್ಲಿ ಒಬ್ಬರು. ಅದರಲ್ಲಿ ಮಗಳು ಸಾಯಲ್ಲ. ಗುಂಡೇಟು ತಿಂದ ಮೈಯಲ್ಲೇ ಕೆರೆ ಈಜಿ ಮನೆ ಸೇರ್ತಾಳೆ.

ನಮ್ಮ ಕಥೆ ನಡೆಯೋದು ಜುಲೈ ಮಳೇಲಿ, ಗಾಳಿಬೀಡು ಕಡೆಯ ಒಂದು ಕಾಫಿ ತೋಟದ ಮನೇಲಿ. ಕರೆಂಟಿಲ್ಲ, ನೆಟ್‌ವರ್ಕಿಲ್ಲ, ರಸ್ತೆಗೆ ಮರ ಬಿದ್ದಿದೆ. ಹೋಂಸ್ಟೇ ಅಂತ ಹುಡುಕಿಕೊಂಡು ನಾಲ್ಕು ಜನ ಬರ್ತಾರೆ.

ನನ್ನ ಪ್ರಶ್ನೆ ಇದು. ಈಗಿನ ಪ್ರೇಕ್ಷಕರಿಗೆ ಹುಡುಗಿ ಬದುಕಬೇಕಾ, ಸಾಯಬೇಕಾ? ಆ ದೌರ್ಜನ್ಯವನ್ನು ಎಷ್ಟು ತೋರಿಸಬೇಕು? ಇದೇ ವಿಷಯಕ್ಕೆ ಜೋರು ಜಗಳ ಆಗಿ ನಮ್ಮಲ್ಲೊಬ್ಬ ಎದ್ದು ಮನೆಗೆ ಹೋದ.

ಏಲಕ್ಕಿಗೊನೆ

ಮೊದಲು ಇದನ್ನ ಮತ್ತೆ ಮಾಡಲೇಬೇಕಾ ಅಂತ ಕೇಳಿಕೊಳ್ಳಿ. ಹೆಣ್ಣಿನ ಮೇಲಿನ ಹಿಂಸೆ ತೋರಿಸದೆ ಹೆದರಿಸೋಕೆ ನಮ್ಮೂರ ಮಳೆಗಾಲ ಒಂದೇ ಸಾಕು.

ರಾತ್ರಿ ಶೋ

ಮಾಡ್ಲೇಬೇಕು ಬ್ರೋ. ಸೇಡಿನ ಕಥೆಗೆ ಜನ ಬರೋದು ಯಾಕೆ? ನಿಜ ಜೀವನದಲ್ಲಿ ಕೇಸು ವರ್ಷಗಟ್ಟಲೆ ಎಳೆಯುತ್ತೆ, ಸಾಕ್ಷಿ ತಿರುಗಿ ಬೀಳ್ತಾರೆ, ಕೊನೆಗೆ ಆರೋಪಿ ಊರಲ್ಲಿ ಎದೆಯುಬ್ಬಿಸಿಕೊಂಡು ಓಡಾಡ್ತಾನೆ. ಪರದೆ ಮೇಲಾದ್ರೂ ಅವನಿಗೆ ಬೀಳಲಿ ಅಂತ ಅನ್ಸೋದು ತಪ್ಪಾ? ನನಗೆ 2009ರದ್ದೇ ಇಷ್ಟ. ಹುಡುಗಿ ಬದುಕ್ತಾಳೆ, ದುಷ್ಟರು ಸಾಯ್ತಾರೆ, ನಾವು ಸಮಾಧಾನವಾಗಿ ಮನೆಗೆ ಹೋಗ್ತೀವಿ. ಹುಡುಗೀನ ಸಾಯಿಸಬೇಡಿ.

ಹಳೇ ಟಾಕೀಸು, ಕುಶಾಲನಗರ

ಈ ಕಥೆಗೆ ಕ್ರೇವನ್‌ಗಿಂತ ಹಿಂದೆ ಒಂದು ಮನೆತನವಿದೆ. ಅದನ್ನು ನೋಡದೆ ಬರೆಯಲು ಕೂರಬೇಡಿ.

ಸ್ವೀಡನ್ನಿನ ನಿರ್ದೇಶಕ ಇಂಗ್ಮಾರ್ ಬರ್ಗ್‌ಮನ್ 1960ರಲ್ಲಿ 'ದಿ ವರ್ಜಿನ್ ಸ್ಪ್ರಿಂಗ್' ಮಾಡಿದರು. ಮಧ್ಯಯುಗದ ಒಂದು ಸ್ವೀಡಿಷ್ ಲಾವಣಿ ಅದರ ಮೂಲ. ಅತ್ಯುತ್ತಮ ವಿದೇಶಿ ಭಾಷಾ ಚಿತ್ರಕ್ಕೆ ಆಸ್ಕರ್ ಬಂತು. ಚರ್ಚಿಗೆ ಹೊರಟ ಮಗಳನ್ನು ಆಡು ಕಾಯುವವರು ದಾರಿಯಲ್ಲಿ ಕೆಡಿಸಿ ಕೊಲ್ಲುತ್ತಾರೆ. ರಾತ್ರಿ ಆಕೆಯ ಮನೆಯಲ್ಲೇ ಊಟ ಮಾಡಿ, ಆಕೆಯ ಬಟ್ಟೆಯನ್ನೇ ತಾಯಿಗೆ ಮಾರಲು ಹೋಗುತ್ತಾರೆ. ತಂದೆಯ ಪಾತ್ರ ಮಾಕ್ಸ್ ವಾನ್ ಸೀಡೋ ಅವರದು. ಕೊಲ್ಲುವ ಮೊದಲು ಆತ ಗುಡ್ಡದ ಮೇಲೆ ಒಂಟಿಯಾಗಿ ನಿಂತ ಬರ್ಚ್ ಮರವನ್ನು ಬರಿಗೈಯಲ್ಲಿ ಗುದ್ದಾಡಿ ಬೀಳಿಸಿ, ಅದರ ಕೊಂಬೆ ಕಡಿದು ತಂದು ಸ್ನಾನ ಮಾಡುತ್ತಾನೆ. ಮಾತಿಲ್ಲ, ಸಂಗೀತವಿಲ್ಲ. ಒಬ್ಬ ಮನುಷ್ಯ ಕೊಲೆಗಾರನಾಗುವುದನ್ನು ನಾವು ಕೂತು ನೋಡಬೇಕು, ಅಷ್ಟೇ. ಕೊಂದ ಮೇಲೆ ತನ್ನ ಕೈಗಳನ್ನೇ ನೋಡಿಕೊಳ್ಳುತ್ತಾನೆ. ಕೊನೆಗೆ ಮಗಳ ಶವದೆದುರು ದೇವರನ್ನು ಪ್ರಶ್ನಿಸಿ, ಅಲ್ಲೇ ಚರ್ಚು ಕಟ್ಟುವ ಹರಕೆ ಹೊರುತ್ತಾನೆ.

ಕ್ರೇವನ್ ಮೊದಲು ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದವರು, ಬಿಗಿಯಾದ ಬ್ಯಾಪ್ಟಿಸ್ಟ್ ಮನೆಯಲ್ಲಿ ಬೆಳೆದವರು. ಆಗ ವಿಯೆಟ್ನಾಂ ಯುದ್ಧದ ದೃಶ್ಯಗಳು ದಿನವೂ ಟಿವಿಯಲ್ಲಿ ಬರುತ್ತಿದ್ದವು. ಬರ್ಗ್‌ಮನ್ ಕಥೆಯಿಂದ ಅವರು ದೇವರನ್ನು ತೆಗೆದುಬಿಟ್ಟರು. ಹರಕೆಯೂ ಇಲ್ಲ, ಬರ್ಗ್‌ಮನ್‌ನಲ್ಲಿ ಶವವಿದ್ದ ಜಾಗದಿಂದ ಉಕ್ಕುವ ನೀರಿನ ಬುಗ್ಗೆಯೂ ಇಲ್ಲ. ರಕ್ತ ಮೆತ್ತಿಕೊಂಡ ಗಂಡ ಹೆಂಡತಿ ಮನೆಯ ಹಜಾರದಲ್ಲಿ ಸೋತು ಕೂತಿರುವಲ್ಲಿಗೆ ಚಿತ್ರ ಮುಗಿಯುತ್ತದೆ. ಚಪ್ಪಾಳೆ ಹೊಡೆಯಲು ಅಲ್ಲಿ ಯಾರಿಗೂ ಕೈ ಬರುವುದಿಲ್ಲ.

ರೀಮೇಕ್ ಕಳೆದುಕೊಂಡಿದ್ದು ಅದನ್ನು. ಕೊನೆಯಲ್ಲಿ ತಂದೆ ಆ ಗುಂಪಿನ ನಾಯಕನಿಗೆ ಮೈ ಆಡದಂತೆ ಮಾಡಿ, ತಲೆಯನ್ನು ಮೈಕ್ರೋವೇವ್‌ನಲ್ಲಿಟ್ಟು ಸಿಡಿಸುತ್ತಾನೆ. ಅದು ಪ್ರೇಕ್ಷಕ ಶಿಳ್ಳೆ ಹೊಡೆಯಲಿ ಎಂದೇ ಇಟ್ಟ ದೃಶ್ಯ. ಛಾಯಾಗ್ರಹಣ ಚೆನ್ನಾಗಿದೆ, ನಟನೆ ಚೆನ್ನಾಗಿದೆ. ಆದರೆ ನೋಡಿ ಬಂದವನಿಗೆ ಏನೂ ಅಂಟುವುದಿಲ್ಲ.

ರಾತ್ರಿ ಶೋ

ಸರ್, 1972ರದ್ದರಲ್ಲಿ ಕೋಳಿ ಲಾರಿ ಮೇಲೆ ಹತ್ತೋ ಇಬ್ಬರು ಪೊಲೀಸರ ಕಾಮಿಡಿ ಇದೆಯಲ್ಲ, ಅದನ್ನೂ ಸಮರ್ಥಿಸ್ತೀರಾ? ಒಂದು ಕಡೆ ಹುಡುಗಿಯರಿಗೆ ಆ ಗತಿ, ಇನ್ನೊಂದು ಕಡೆ ತಮಾಷೆ ಹಾಡು. ರೀಮೇಕ್‌ನವರು ಅದನ್ನ ಕಿತ್ತು ಬಿಸಾಕಿದ್ದೇ ದೊಡ್ಡ ಉಪಕಾರ.

ಹಳೇ ಟಾಕೀಸು, ಕುಶಾಲನಗರ

ಪೊಲೀಸರ ಕಾಮಿಡಿ ಕೆಟ್ಟದ್ದೇ, ಅದನ್ನು ಸಮರ್ಥಿಸುವುದಿಲ್ಲ. ಹಾಡಿನ ವಿಷಯ ಬೇರೆ. ಆ ಹಾಡುಗಳನ್ನು ಮಾಡಿದ ಡೇವಿಡ್ ಹೆಸ್ ಅವರೇ ತೆರೆಯ ಮೇಲೆ ಕ್ರುಗ್, ಅಂದರೆ ಗುಂಪಿನ ನಾಯಕ. ಕಣ್ಣ ಮುಂದೆ ಅನಾಹುತ ನಡೆಯುವಾಗ ಹಿತವಾದ ಗಿಟಾರ್ ಕೇಳಿಸಿದರೆ ಹೊಟ್ಟೆ ತೊಳಸುತ್ತದೆ. ಭಯಾನಕ ಸಂಗೀತ ಹಾಕಿದ್ದರೆ 'ಇದು ಸಿನಿಮಾ' ಎಂದು ನಿರಾಳವಾಗುತ್ತಿದ್ದೆವು.

ಸಿದ್ದಾಪುರದಾಕೆ

ಇಷ್ಟು ಹೊತ್ತು ಅಪ್ಪನ ಕೈ, ಅಪ್ಪನ ಮರ, ಅಪ್ಪನ ಮೈಕ್ರೋವೇವ್ ಬಗ್ಗೆ ಓದಿದೆ. ಹುಡುಗಿ ಎಲ್ಲಿ?

ನಾನು 2009ರ ಸಿನಿಮಾ ನೋಡಿದ್ದೀನಿ. ಅವಳು ಬದುಕಿದಳು ಅಂತ ಎಲ್ಲರೂ ಅದನ್ನೇ ದೊಡ್ಡದಾಗಿ ಹೇಳ್ತಾರೆ. ಬದುಕಿದವಳಿಗೆ ಆಮೇಲೆ ಎಷ್ಟು ಮಾತಿದೆ ನೋಡಿ. ಮನೆಗೆ ತೆವಳಿಕೊಂಡು ಬರ್ತಾಳೆ, ಡಾಕ್ಟರ್ ಅಪ್ಪ ಚಿಕಿತ್ಸೆ ಮಾಡ್ತಾನೆ, ಅವಳನ್ನ ಮಲಗಿಸ್ತಾರೆ. ಅಲ್ಲಿಗೆ ಅವಳ ಪಾತ್ರ ಮುಗಿದ ಹಾಗೆ. ಉಳಿದ ಸಿನಿಮಾ ಪೂರ್ತಿ ಅಪ್ಪ ಅಮ್ಮನ ಹೊಡೆದಾಟ. ಅವಳನ್ನ ಉಳಿಸಿದ್ದು ಪ್ರೇಕ್ಷಕರ ಮನಸ್ಸು ನೋಯಬಾರದು ಅಂತ. ಕಥೆಯನ್ನ ಅವಳ ಕೈಗೆ ಕೊಡಲಿಲ್ಲ. ಮಂಜುಮುಸುಕು, ಬದುಕಬೇಕಾ ಸಾಯಬೇಕಾ ಅಂತ ಕೇಳ್ತಿದ್ದೀರಲ್ಲ, ಬದುಕಿದರೆ ಅವಳು ಏನು ಮಾಡ್ತಾಳೆ, ಏನು ಕೇಳ್ತಾಳೆ, ಯಾರ ಮುಖ ನೋಡಲಾರೆ ಅಂತಾಳೆ? ಅದಕ್ಕೆ ನಿಮ್ಮ ಹತ್ರ ಉತ್ತರ ಇಲ್ಲದಿದ್ರೆ ಅವಳನ್ನ ಬದುಕಿಸಿಯೂ ಪ್ರಯೋಜನ ಇಲ್ಲ.

ಇನ್ನೊಂದು. ನಿಮ್ಮ ಕಥೆಯಲ್ಲಿ ಹುಡುಗಿ ತೋಟದ ಮಾಲೀಕರ ಮಗಳು ಅಲ್ವಾ? ನಾನು ತೋಟದ ಆಫೀಸಲ್ಲಿ ಮಸ್ಟರ್ ರೋಲ್ ಬರೆಯೋಳು. ನವೆಂಬರಿಂದ ಫೆಬ್ರವರಿ ತನಕ ಹಣ್ಣು ಕುಯ್ಯೋಕೆ ಬರೋ ಹೆಣ್ಣುಮಕ್ಕಳು ಬೆಳಗ್ಗೆ ಸಾಲಾಗಿ ನಿಂತು ಹೆಸರು ಹೇಳ್ತಾರೆ, ಸಂಜೆ ಚೀಲ ತೂಕ ಹಾಕಿಸ್ತಾರೆ. ಅವರಲ್ಲಿ ಅರ್ಧಕ್ಕರ್ಧ ಜನರ ಊರು ಯಾವುದು ಅಂತ ಯಾರೂ ಕೇಳಲ್ಲ. ಮೂಲ ಸಿನಿಮಾದಲ್ಲಿ ಇಬ್ಬರು ಹುಡುಗಿಯರು ಸಾಯ್ತಾರೆ. ಸೇಡು ತೀರಿದ್ದು ಮನೆ ಇದ್ದವಳಿಗೆ. ಜೊತೆಗೆ ಹೋದವಳ ಅಪ್ಪ ಅಮ್ಮನಿಗೆ ಸುದ್ದಿ ಮುಟ್ಟಿತೋ ಇಲ್ಲವೋ ಸಿನಿಮಾಗೆ ಬೇಕಾಗಲಿಲ್ಲ. ನಿಮ್ಮ ಕಥೇಲಿ ಆ ಎರಡನೆಯವಳು ಲೈನ್ ಮನೆಯವಳಾದ್ರೆ, ಅಂದ್ರೆ ತೋಟದ ಕೂಲಿಗಳ ಸಾಲುಮನೆಯವಳಾದ್ರೆ? ಅವಳ ಅಪ್ಪನಿಗೆ ಗೋಡೆ ಮೇಲೆ ಕೋವಿ ಇಲ್ಲ, ಬೀಗ ಹಾಕೋಕೆ ಸರಿಯಾದ ಬಾಗಿಲೇ ಇಲ್ಲ.

ಏಲಕ್ಕಿಗೊನೆ

ಸಿದ್ದಾಪುರದಾಕೆ ಬರೆದ ಸಿನಿಮಾ ಆದ್ರೆ ನಾನು ಟಿಕೆಟ್ ತಗೋತೀನಿ.

ಮಂಜುಮುಸುಕು, ಮಡಿಕೇರಿ

ಅಕ್ಕಾ, ನಮ್ಮ ಕರಡಲ್ಲಿ ಎರಡನೇ ಹುಡುಗಿ ಬೆಂಗಳೂರಿಂದ ಬಂದ ಕಾಲೇಜ್ ಫ್ರೆಂಡ್. ಲೈನ್ ಮನೆ ಹುಡುಗಿ ಅನ್ನೋದು ಹೊಳೆದೇ ಇರಲಿಲ್ಲ. ಇವತ್ತು ರಾತ್ರಿಯೇ ಬರೆದು ನೋಡ್ತೀನಿ.

ನಾಪೋಕ್ಲು ನಾಣಯ್ಯ

ಕೋವಿ ಮಾತು ಬಂದದ್ದಕ್ಕೆ ಹೇಳ್ತೇನೆ. ಕೊಡಗು ಅಂದ ಕೂಡಲೆ ಮೀಸೆ, ಕುಪ್ಯ ಅನ್ನೋ ನಿಲುವಂಗಿ, ಕೋವಿ, ಕೋಪ. ಸಿನಿಮಾದವರಿಗೆ ಇಷ್ಟೇ ಕಾಣೋದು. ಕೊಡವರಿಗೂ ಜಮ್ಮಾ ಅನ್ನೋ ವಂಶಪಾರಂಪರ್ಯ ಜಮೀನಿನ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಕೋವಿ ಲೈಸೆನ್ಸಿನ ವಿನಾಯಿತಿ ಇದೆ, ಕೇಂದ್ರ ಸರ್ಕಾರ 2019ರಲ್ಲಿ ಅದನ್ನು 2029ರವರೆಗೆ ಮುಂದುವರಿಸಿದೆ. ಹಾಗಂತ ನಮ್ಮಲ್ಲಿ ಯಾರೂ ಸಿಟ್ಟು ಬಂದಾಗ ಅದನ್ನು ಕೆಳಗಿಳಿಸೋದಿಲ್ಲ. ನಮ್ಮ ಆಯುಧ ಹಬ್ಬ ಕೈಲ್‌ಪೊಳ್ದಿಗೆ ಒರೆಸಿ, ಹೂವಿಟ್ಟು ಪೂಜೆ ಮಾಡ್ತೇವೆ, ತೆಂಗಿನಕಾಯಿಗೆ ಗುರಿ ಇಡ್ತೇವೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು.

ನಿಮ್ಮ ನಾಯಕ ಕೋವಿ ತೆಗೆದು ನಾಲ್ಕು ಜನರನ್ನು ಉರುಳಿಸಿದರೆ ಆ ಸಿನಿಮಾ ಹತ್ತು ನಿಮಿಷದಲ್ಲಿ ಮುಗಿಯುತ್ತದೆ, ನಮ್ಮ ಜನರಿಗೂ ಕೆಟ್ಟ ಹೆಸರು. ಬೇರೆ ಯೋಚನೆ ಮಾಡಿ. ಎರಡು ಗುಂಡಿನ ಸದ್ದು ಕೇಳಿದರೆ ಅಕ್ಕಪಕ್ಕದ ತೋಟದವರು 'ಆ ಮನೆಯಲ್ಲಿ ಸಾವಾಗಿದೆ' ಅಂತ ಕೆಲಸ ಬಿಟ್ಟು ಬರ್ತಾರೆ. ಮಳೆ, ಕತ್ತಲೆ, ಮರ ಬಿದ್ದ ರಸ್ತೆ, ಏನಿದ್ದರೂ ಬರ್ತಾರೆ. ಅಂದರೆ ಆ ಮನೆಯಲ್ಲಿ ಕೋವಿ ಹಾರಿಸಿದರೆ ಗುಟ್ಟು ಉಳಿಯೋದಿಲ್ಲ. ಅಪ್ಪ ಅದನ್ನು ಯಾಕೆ ಹಾರಿಸ್ತಾನೆ? ಕೊಲ್ಲೋದಕ್ಕೋ, ಊರವರನ್ನು ಕರೆಯೋದಕ್ಕೋ?

ರಾತ್ರಿ ಶೋ

ಅಣ್ಣಾ!! ಇಡೀ ಸಿನಿಮಾ ಇದರಲ್ಲೇ ಇದೆಯಲ್ಲ. ಮೈ ಜುಮ್ಮೆಂದಿತು.

ಕಟ್ ಮಾಡಿ

ಸೋಮವಾರಪೇಟೆಯವನು, ಈಗ ಬೆಂಗಳೂರಲ್ಲಿ ಸಹಾಯಕ ನಿರ್ದೇಶಕ. ಎರಡು ವಿಷಯ ಬೇಗ ಹೇಳಿಬಿಡ್ತೀನಿ.

ಹಕ್ಕುಗಳು: ಕ್ರೇವನ್ ಚಿತ್ರದ ಹೆಸರು, ಪಾತ್ರಗಳು, ಆ ದೃಶ್ಯಗಳ ಜೋಡಣೆ ಬಳಸಿದ್ರೆ ಹಕ್ಕು ಕೊಳ್ಳಬೇಕು, ಅದು ನಿಮ್ಮ ಕೈಗೆ ಎಟುಕಲ್ಲ. ಆದರೆ ಹಳೇ ಟಾಕೀಸು ಸರ್ ಹೇಳಿದ ಲಾವಣಿ ಯಾರಪ್ಪನ ಸ್ವತ್ತೂ ಅಲ್ಲ. ಅಲ್ಲಿಂದ ಎತ್ತಿಕೊಂಡು ನಿಮ್ಮದೇ ಕಥೆ ಕಟ್ಟಿ. ರೀಮೇಕ್ ಅನ್ನೋ ಪದವನ್ನ ಪೋಸ್ಟರಲ್ಲಿ ಹಾಕಬೇಡಿ.

ಸೆನ್ಸಾರ್: 1991ರ ಮಾರ್ಗಸೂಚಿಯೇ ಈಗಲೂ ಇರೋದು. ಹೆಣ್ಣಿನ ಮೇಲಿನ ಲೈಂಗಿಕ ಹಿಂಸೆ ಕಥೆಗೆ ಅನಿವಾರ್ಯ ಆದ್ರೆ ಆದಷ್ಟು ಕಡಿಮೆ ಮಾಡಬೇಕು, ವಿವರ ತೋರಿಸಬಾರದು ಅಂತ ಅದರಲ್ಲೇ ಇದೆ. 1996ರಲ್ಲಿ 'ಬ್ಯಾಂಡಿಟ್ ಕ್ವೀನ್' ವಿಷಯದಲ್ಲಿ ಸುಪ್ರೀಂ ಕೋರ್ಟ್ ಎ ಪ್ರಮಾಣಪತ್ರ ಎತ್ತಿಹಿಡಿದದ್ದು, ಆ ದೃಶ್ಯಗಳು ಜುಗುಪ್ಸೆ ಹುಟ್ಟಿಸುತ್ತವೆಯೇ ಹೊರತು ಆಸೆ ಹುಟ್ಟಿಸಲ್ಲ ಅನ್ನೋ ಕಾರಣಕ್ಕೆ. ಎ ಅಂತ ಮನಸ್ಸು ಗಟ್ಟಿ ಮಾಡಿಕೊಂಡೇ ಬರೆಯಿರಿ.

ಏಲಕ್ಕಿಗೊನೆ

ಜುಗುಪ್ಸೆಯೋ ಆಸೆಯೋ ಅಂತ ನಿರ್ಧರಿಸೋದು ಯಾರು? ಥಿಯೇಟರಲ್ಲಿ ಹಿಂದಿನ ಸೀಟಿನವನು ಏನು ಕಾಮೆಂಟ್ ಹೊಡೀತಾನೆ ಅಂತ ಹೆಣ್ಣುಮಕ್ಕಳನ್ನ ಕೇಳಿ.

ಹಳೇ ಟಾಕೀಸು, ಕುಶಾಲನಗರ

ಏಲಕ್ಕಿಗೊನೆಯವರ ಮಾತಿಗೆ ತಕ್ಕ ಉದಾಹರಣೆ ಇದೆ. ಅಮೆರಿಕದ ವಿಮರ್ಶಕ ರೋಜರ್ ಈಬರ್ಟ್ ಕ್ರೇವನ್ ಚಿತ್ರಕ್ಕೆ ನಾಲ್ಕರಲ್ಲಿ ಮೂರೂವರೆ ನಕ್ಷತ್ರ ಕೊಟ್ಟವರು. 1978ರ 'ಐ ಸ್ಪಿಟ್ ಆನ್ ಯುವರ್ ಗ್ರೇವ್'ಗೆ ಅದೇ ಈಬರ್ಟ್ ಸೊನ್ನೆ ಕೊಟ್ಟರು. ಅದೂ ಸೇಡಿನ ಕಥೆಯೇ, ಅಲ್ಲಿ ಹೆಣ್ಣೇ ಸೇಡು ತೀರಿಸಿಕೊಳ್ಳುತ್ತಾಳೆ. ಥಿಯೇಟರ್‌ನಲ್ಲಿ ಅಕ್ಕಪಕ್ಕ ಕೂತವರು ದೌರ್ಜನ್ಯದ ದೃಶ್ಯಗಳನ್ನೇ ಹುರಿದುಂಬಿಸುತ್ತಿದ್ದುದನ್ನು ಅವರು ಸಿಟ್ಟಿನಿಂದ ಬರೆದಿದ್ದಾರೆ. 2010ರಲ್ಲಿ ಅದರ ರೀಮೇಕ್ ಬಂತು, ಅದಕ್ಕೂ ಸೊನ್ನೆ.

ಆದರೆ ಆ 1978ರ ಚಿತ್ರದ ಪರ ನಿಂತ ಸ್ತ್ರೀವಾದಿಗಳೂ ಇದ್ದಾರೆ. ಕ್ಯಾರಲ್ ಕ್ಲೋವರ್ 1992ರ ಪುಸ್ತಕದಲ್ಲಿ ಅದನ್ನು ಗಂಭೀರವಾಗಿ ತೆಗೆದುಕೊಂಡು ಚರ್ಚಿಸಿದರು. ಪ್ರೇಕ್ಷಕ ಅಲ್ಲಿ ಹೆಣ್ಣಿನ ಪಕ್ಷದಲ್ಲೇ ನಿಲ್ಲಬೇಕಾಗುತ್ತದೆ ಎಂಬುದು ಅವರ ವಾದ. ಹಾಗಾಗಿ ಮುಟ್ಟಲೇಬಾರದು ಎನ್ನುವುದನ್ನು ನಾನು ಒಪ್ಪುವುದಿಲ್ಲ. ಕ್ಯಾಮೆರಾ ಯಾರ ಪಕ್ಕ ನಿಂತಿದೆ ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಕಕ್ಕಬ್ಬೆ ಅಡುಗೆಮನೆ

ನಾನು ಹಾರರ್ ನೋಡೋಳಲ್ಲ, ಮಗಳು ಇದನ್ನ ತೋರಿಸಿ 'ಅಮ್ಮಾ ಹೋಂಸ್ಟೇ ಕಥೆ, ಓದು' ಅಂದಳು.

ನಮ್ಮನೇಲಿ ಎರಡು ರೂಮು ಬಾಡಿಗೆಗೆ ಕೊಡ್ತೀವಿ. ಬಂದವರ ಗುರುತಿನ ಚೀಟಿ ನೋಡ್ತೀವಿ, ಪುಸ್ತಕದಲ್ಲಿ ಬರೀತೀವಿ. ಆದ್ರೆ ಮಳೇಲಿ ನೆಂದು ರಾತ್ರಿ ಹೊತ್ತಲ್ಲಿ ಬಂದವರ ಹತ್ರ ಮೊದಲು ಚೀಟಿ ಕೇಳೋಕೆ ಬಾಯಿ ಬರಲ್ಲ. ಒಲೆ ಹತ್ರ ಕೂರಿಸ್ತೀನಿ, ಬಿಸಿನೀರು ಕೊಡ್ತೀನಿ, ಕಟ್ಟಂಕಾಫಿ ಕೊಡ್ತೀನಿ. ಒದ್ದೆ ಜಾಕೆಟ್ ಎಲ್ಲಾ ಒಲೆ ಮೇಲಿನ ಹಗ್ಗಕ್ಕೆ ಹಾಕೋದು ನಾನೇ. ಅವಾಗ ಜೇಬಲ್ಲಿ ಏನಿದೆ ಅಂತ ಕೈಗೆ ಗೊತ್ತಾಗುತ್ತೆ, ಬೀಗದಕೈ, ಚಿಲ್ಲರೆ, ಬೀಡಿ ಕಟ್ಟು. ತೆಗೆದು ಮೇಜಿನ ಮೇಲೆ ಇಡ್ತೀನಿ. ನಿಮ್ಮ ಕಥೆಯ ತಾಯಿಗೆ ಸರ ಸಿಗೋದು ಹಾಗೆ ಇರಲಿ. ಕೊರಳಲ್ಲಿ ಹಾಕ್ಕೊಂಡು ಬರೋ ಅಷ್ಟು ಪೆದ್ದರು ಇರ್ತಾರಾ?

ನನಗೆ ಹೊಟ್ಟೆಯಲ್ಲಿ ಕಿವುಚಿದ ಹಾಗಾಗಿದ್ದು ಬೇರೆ ಮಾತಿಗೆ. ಅವಳು ಅವರಿಗೆ ಊಟ ಬಡಿಸಿರ್ತಾಳೆ. ಪಕ್ಕದಲ್ಲಿ ನಿಂತು ಇನ್ನೊಂದು ಅಕ್ಕಿರೊಟ್ಟಿ ಹಾಕ್ಲಾ ಅಂತ ಕೇಳಿರ್ತಾಳೆ. ಯಾರು ಅಂತ ಗೊತ್ತಾದ ಮೇಲೆ ಅವಳು ಮೊದಲು ನೆನೆಸಿಕೊಳ್ಳೋದು ಅದನ್ನೇ, ನನ್ನ ಕೈಯಾರೆ ಉಣಿಸಿದೆನಲ್ಲಾ ಅಂತ. ಆ ತಾಯಿಗೆ ಅದೊಂದು ದೃಶ್ಯ ಕೊಡಿ. ಹೊಡೆಯೋದು ಕೊಲ್ಲೋದು ಆಮೇಲೆ ಮಾಡ್ಕೊಳ್ಳಿ.

ಮಂಜುಮುಸುಕು, ಮಡಿಕೇರಿ

ಆಂಟಿ, ಹಗ್ಗಕ್ಕೆ ಜಾಕೆಟ್ ಹಾಕೋದನ್ನ ಹಾಗೇ ತಗೋತೀನಿ, ಅನುಮತಿ ಕೊಡಿ. ರೀಮೇಕಲ್ಲಿ ಗುಂಪಿನ ಹುಡುಗನೇ ತಾಯಿಗೆ ಗೊತ್ತಾಗಲಿ ಅಂತ ಸರವನ್ನ ಕಪ್ಪಿಗೆ ಸುತ್ತಿ ಇಟ್ಟು ಹೋಗ್ತಾನೆ. ನಿಮ್ಮದು ಅದಕ್ಕಿಂತ ಸಹಜ.

ಕಕ್ಕಬ್ಬೆ ಅಡುಗೆಮನೆ

ತಗೋ ಮಗಾ. ಶೂಟಿಂಗಿಗೆ ನಮ್ಮನೆ ಮಾತ್ರ ಕೇಳಬೇಡ.

ವಿರಾಜಪೇಟೆ ವಕೀಲ

ರಾತ್ರಿ ಶೋ ಅವರು ಕೋರ್ಟಿನ ವಿಳಂಬದ ಬಗ್ಗೆ ಬರೆದಿದ್ದು ಸುಳ್ಳಲ್ಲ. ಆದರೆ ಇದೇ ಕಥೆ ನನ್ನ ಮೇಜಿಗೆ ಬಂದರೆ ಆ ತಂದೆಗೆ ಏನು ಹೇಳುತ್ತೇನೆ ಎಂಬುದನ್ನು ಬರೆಯುತ್ತೇನೆ, ಸ್ಕ್ರಿಪ್ಟಿಗೆ ಉಪಯೋಗವಾಗಬಹುದು.

ಭಾರತೀಯ ನ್ಯಾಯ ಸಂಹಿತೆಯಲ್ಲಿ ಆತ್ಮರಕ್ಷಣೆಯ ಹಕ್ಕು ಇದೆ. ಅತ್ಯಾಚಾರದ ಉದ್ದೇಶದಿಂದ ಮೈಮೇಲೆ ಬಿದ್ದವನನ್ನು ತಡೆಯುವಾಗ ಅವನು ಸತ್ತರೂ ಆ ಹಕ್ಕು ಕಾಪಾಡುತ್ತದೆ, ಬೇರೆಯವರನ್ನು ರಕ್ಷಿಸಲು ಹೋದವರಿಗೂ ಅದು ಅನ್ವಯ. ಅಪಾಯ ಮುಗಿದ ಮೇಲೆ ಮಾತ್ರ ಆ ಹಕ್ಕೂ ಮುಗಿಯುತ್ತದೆ. ಸರ್ಕಾರಿ ಅಧಿಕಾರಿಗಳ ರಕ್ಷಣೆ ಕೋರಲು ಸಮಯವಿದ್ದರೂ ಅದು ಸಿಗುವುದಿಲ್ಲ. ಈಗ ನಿಮ್ಮ ಮಳೆಯ ರಾತ್ರಿ ನೋಡಿ: ಫೋನಿಲ್ಲ, ರಸ್ತೆ ಇಲ್ಲ, ಪಕ್ಕದ ಕೋಣೆಯಲ್ಲಿ ಆಯುಧ ಇರುವವರು. ಅವರು ಎದ್ದರೆ ಮನೆಯವರನ್ನು ಕೊಲ್ಲುತ್ತಾರೆಯೇ? ಸಮಯವಿತ್ತೇ, ಇರಲಿಲ್ಲವೇ? ಒಳ್ಳೆಯ ವಕೀಲ ಇದರ ಮೇಲೆ ದಿನಗಟ್ಟಲೆ ವಾದಿಸಬಲ್ಲ. ನಿದ್ದೆಯಲ್ಲಿದ್ದವನನ್ನು ಕಟ್ಟಿಹಾಕಿ ಕೊಂದರೆ ವಾದಿಸಲು ಏನೂ ಉಳಿಯುವುದಿಲ್ಲ. 'ಹಠಾತ್ ಮತ್ತು ತೀವ್ರ ಪ್ರಚೋದನೆ' ಎನ್ನಲು ಹೋದರೆ ಅಷ್ಟು ಹೊತ್ತು ಕೂತು ಯೋಜನೆ ಹಾಕಿದ್ದು ಅಡ್ಡ ಬರುತ್ತದೆ.

2009ರ ಚಿತ್ರದ ಮೈಕ್ರೋವೇವ್ ಶುದ್ಧ ಕೊಲೆ. ಅದಕ್ಕೆ ಮೊದಲು ನಡೆದದ್ದರಲ್ಲಿ ಹಲವಕ್ಕೆ ಸಮರ್ಥನೆ ಇದೆ.

ಇನ್ನೊಂದು ಮಾತು. ನಿಜವಾಗಿ ನಡೆದ ಪ್ರಕರಣ ಎಂದು ಪ್ರಚಾರ ಮಾಡುವ ಆಸೆ ಇದ್ದರೆ ಬಿಡಿ. ಸಂತ್ರಸ್ತೆಯ ಗುರುತು ಸಿಗುವಂಥ ಯಾವುದನ್ನೂ ಪ್ರಕಟಿಸುವುದು ಸಂಹಿತೆಯ 72ನೇ ಕಲಂ ಅಡಿ ಅಪರಾಧ.

ಶುಶ್ರೂಷೆ

ವಕೀಲರು ಹೇಳಿದ್ದಕ್ಕೆ ಸೇರಿಸ್ತೀನಿ. ರೀಮೇಕಲ್ಲಿ ಅಪ್ಪ ಅಮ್ಮ ದೋಣಿಯ ಕೀಲಿ ಹುಡುಕ್ತಾ ಇರ್ತಾರೆ, ಮಗಳನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ. ಅಲ್ಲೀ ತನಕ ನಾನು ಅವರ ಜೊತೆಗಿದ್ದೆ. ಅವಳು ಉಸಿರಿಗೆ ಒದ್ದಾಡ್ತಿದ್ದಾಳೆ, ಒಂದೊಂದು ನಿಮಿಷಕ್ಕೂ ಬೆಲೆ ಇದೆ. ಆಮೇಲೆ ಸೇಡಿನ ಮಜಾ ಶುರು ಆಯ್ತು ನೋಡಿ, ಆ ನಿಮಿಷಗಳ ಲೆಕ್ಕವನ್ನ ಸಿನಿಮಾ ಮರೆತೇಬಿಡ್ತು. ನಾನು ನರ್ಸ್. ನನ್ನ ಕಣ್ಣು ಪೂರ್ತಿ ಸೋಫಾ ಮೇಲೇ ಇತ್ತು, ಯಾರಾದ್ರೂ ಅವಳ ನಾಡಿ ನೋಡ್ರಪ್ಪಾ ಅಂತ.

ನಿಮ್ಮ ಕಥೇಲಿ ಭಯ ಅಲ್ಲಿಂದ ಬರಲಿ. ತಾಯಿ ಮಗಳ ಪಕ್ಕ ಇರಬೇಕಾ, ಕೆಳಗೆ ಹೋಗಿ ಗಂಡನ ಜೊತೆ ಸೇರಬೇಕಾ? ಅವಳು ಮೆಟ್ಟಿಲಿಳಿದ ಪ್ರತಿ ಸಲವೂ ಹುಡುಗಿ ಒಬ್ಬಳೇ ಆಗ್ತಾಳೆ. ಸೇಡಿಗೆ ಕೊಡೋ ಒಂದೊಂದು ನಿಮಿಷವೂ ಮಗಳಿಂದ ಕಿತ್ಕೊಂಡಿದ್ದು.

ಆಸ್ಪತ್ರೆ ದೃಶ್ಯ ಬರೆದ್ರೆ ಹಳೇ ಸಿನಿಮಾ ನೋಡಿ ಬರೀಬೇಡಿ. ಸರ್ಕಾರಿ ಇರಲಿ ಖಾಸಗಿ ಇರಲಿ, ತಕ್ಷಣ ಉಚಿತ ಚಿಕಿತ್ಸೆ ಕೊಡಲೇಬೇಕು ಅಂತ ಕಾನೂನಿದೆ. ಎರಡು ಬೆರಳಿನ ಪರೀಕ್ಷೆ ಮಾಡಬಾರದು ಅಂತ ಸುಪ್ರೀಂ ಕೋರ್ಟ್ 2022ರಲ್ಲಿ ಖಡಾಖಂಡಿತವಾಗಿ ಹೇಳಿದೆ. ಒಪ್ಪಿಗೆ ಕೇಳದೆ ಅವಳನ್ನ ಮುಟ್ಟೋ ಹಾಗಿಲ್ಲ. 'ಮುಟ್ಟಲಾ?' ಅಂತ ಒಬ್ಬ ನರ್ಸ್ ಕೇಳೋದನ್ನ ಒಂದು ಸಿನಿಮಾದಲ್ಲಾದ್ರೂ ತೋರಿಸಿ, ದಯವಿಟ್ಟು.

ರಾತ್ರಿ ಶೋ

ಇಷ್ಟೆಲ್ಲ ಸರಿ, ಆದ್ರೆ ಹೀಗೆ ಮಾಡಿದ್ರೆ ಹಾರರ್ ಹೋಗಿ ಅವಾರ್ಡ್ ಸಿನಿಮಾ ಆಗುತ್ತೆ. ದುಡ್ಡು ಹಾಕಿದವರು? ಮಡಿಕೇರಿ ಹುಡುಗರು ಮಾಡಿದ ಸಿನಿಮಾ ಎರಡನೇ ವಾರಕ್ಕೆ ನಿಲ್ಲಬೇಕು ಅಂತ ನನಗೂ ಆಸೆ ಇದೆ. ಜನ ಬರೋದು ಸೇಡಿಗೆ. ಅದನ್ನ ಪೂರ್ತಿ ಕಿತ್ಕೊಂಡು ಬುದ್ಧಿ ಹೇಳಿದ್ರೆ ಎದ್ದು ಹೋಗ್ತಾರೆ.

ಸಿದ್ದಾಪುರದಾಕೆ

ಸೇಡು ಬೇಡ ಅಂತ ನಾನು ಎಲ್ಲೂ ಹೇಳಿಲ್ಲ ತಮ್ಮಾ. ನನಗೂ ಸಿಟ್ಟಿದೆ, ನಿನಗಿಂತ ಜಾಸ್ತಿಯೇ ಇರಬಹುದು. ಸೇಡು ಇರಲಿ. ಅದಕ್ಕೆ ಎಷ್ಟು ತೆರಬೇಕಾಯ್ತು ಅನ್ನೋದೂ ಪರದೆ ಮೇಲೆ ಇರಲಿ. ಅವಳಿಗೆ ಬೇಕಿದ್ದದ್ದು ಅದೇನಾ ಅಂತ ಅವಳನ್ನ ಒಬ್ಬರಾದ್ರೂ ಕೇಳಲಿ.

ಹಳೇ ಟಾಕೀಸು, ಕುಶಾಲನಗರ

ಗುಂಪಿನಲ್ಲಿರುವ ಹುಡುಗನನ್ನು ಗಮನಿಸಿ, ಮೂರೂ ಚಿತ್ರಗಳ ಮನಸ್ಸು ಅವನ ಮೂಲಕ ತಿಳಿಯುತ್ತದೆ. ಬರ್ಗ್‌ಮನ್‌ನಲ್ಲಿ ಅವನು ಏನೂ ಮಾಡದ ಚಿಕ್ಕ ಹುಡುಗ, ತಾಯಿಯ ಆಸರೆಗೆ ಓಡುತ್ತಾನೆ, ತಂದೆ ಅವನನ್ನೂ ಬಿಡದೆ ಗೋಡೆಗೆ ಎಸೆದು ಕೊಲ್ಲುತ್ತಾನೆ. ಸೇಡಿನ ಮೇಲೆ ಅದಕ್ಕಿಂತ ದೊಡ್ಡ ತೀರ್ಪು ಬೇಕಿಲ್ಲ. 1972ರಲ್ಲಿ ಸ್ವಂತ ಅಪ್ಪನೇ ಮಾತಿನಲ್ಲಿ ತಿವಿದು ತಿವಿದು ಅವನು ತನಗೆ ತಾನೇ ಗುಂಡು ಹಾರಿಸಿಕೊಳ್ಳುವಂತೆ ಮಾಡುತ್ತಾನೆ. 2009ರಲ್ಲಿ ಅವನು ಒಳ್ಳೆಯವನಾಗಿ, ಕೊನೆಗೆ ಮನೆಯವರ ಜೊತೆ ದೋಣಿಯಲ್ಲಿ ಹೊರಡುತ್ತಾನೆ. ನಿಮ್ಮ ನಾಲ್ವರಲ್ಲಿ ಅಂಥ ಒಬ್ಬನಿದ್ದಾನೆಯೇ? ರಾತ್ರಿ ಶೋ ಕೇಳುವ ಉಸಿರುಗಟ್ಟುವ ದೃಶ್ಯ ಅವನಲ್ಲೇ ಸಿಗುತ್ತದೆ.

ಮಾಂದಲಪಟ್ಟಿ ಜೀಪು

ಶೂಟಿಂಗಿಗೆ ಗಾಡಿ ಬೇಕಾದ್ರೆ ಹೇಳಿ. 'ಗಾಳಿಪಟ' ಬಂದ್ಮೇಲೆ ನಮ್ಮ ಬೆಟ್ಟಕ್ಕೆ ಜನವೋ ಜನ. ನಿಮ್ಮ ಸಿನಿಮಾ ನೋಡಿ ಹೋಂಸ್ಟೇಗೆ ಜನ ಬರೋದು ನಿಲ್ಲದಿದ್ರೆ ಸಾಕು.

ಏಲಕ್ಕಿಗೊನೆ

ಬೆಟ್ಟಕ್ಕೆ ಬಂದವರು ಬಿಟ್ಟು ಹೋಗೋ ಬಾಟಲಿ ಬಗ್ಗೆ ಯಾರಾದ್ರೂ ಒಂದು ಹಾರರ್ ಮಾಡಿ.

ನಾಪೋಕ್ಲು ನಾಣಯ್ಯ

ಅದಕ್ಕೆ ನಾನೇ ದುಡ್ಡು ಹಾಕ್ತೇನೆ. ಈಗ ವಿಷಯಕ್ಕೆ ಬನ್ನಿ. ಆ ಮನೆ ಕೊಡವರದ್ದೋ, ಗೌಡರದ್ದೋ, ಬೇರೆಯವರದ್ದೋ? ಕೊಡವರದ್ದಾದರೆ ತಂದೆ ಅಂಥ ರಾತ್ರಿ ಗುರುಕಾರೋಣನ, ಅಂದರೆ ಮನೆತನದ ಮೂಲಪುರುಷನ ದೀಪದ ಮುಂದೆ ಒಂದು ಗಳಿಗೆ ನಿಲ್ಲದೆ ಏನೂ ಮಾಡೋದಿಲ್ಲ. ಹಿರಿಯರ ಮುಂದೆ ಸುಳ್ಳು ಹೇಳೋದಕ್ಕೆ ಬರೋದಿಲ್ಲ. ಆ ಬರ್ಚ್ ಮರದ ದೃಶ್ಯದ ಜಾಗಕ್ಕೆ ಇದು ಬರಬಹುದು. ಬರೆಯೋ ಮೊದಲು ಯಾರಾದರೂ ಹಿರಿಯರ ಹತ್ತಿರ ಕೂತು ಕೇಳಿ, ತಪ್ಪಾಗಿ ತೋರಿಸಿದರೆ ಮೊದಲು ಜಗಳಕ್ಕೆ ಬರೋನು ನಾನೇ.

ಕಟ್ ಮಾಡಿ

ಒಂದು ಮಾತು ಮರೆತೇಹೋಗಬಾರದು, ನಟಿ. 1972ರ ಸೆಟ್‌ನಲ್ಲಿ ಆ ಪಾತ್ರ ಮಾಡಿದ ನಟಿ ನಿಜವಾಗಿಯೂ ಹೆದರಿದ್ದರು ಅಂತ ಚಿತ್ರತಂಡದವರೇ ಆಮೇಲೆ ಹೇಳಿಕೊಂಡಿದ್ದಾರೆ. ತೆರೆ ಮೇಲೆ ಕಾಣೋ ಭಯದಲ್ಲಿ ಎಷ್ಟು ನಟನೆ, ಎಷ್ಟು ನಿಜ? ಅದು ಗೊತ್ತಾದ್ಮೇಲೆ ನನಗೆ ಆ ಚಿತ್ರವನ್ನ ಮೊದಲಿನ ಹಾಗೆ ಹೊಗಳೋಕೆ ಆಗ್ತಿಲ್ಲ. 2024ರ ಆಗಸ್ಟಲ್ಲಿ ಮಲಯಾಳಂ ಚಿತ್ರರಂಗದಲ್ಲಿ ಹೆಣ್ಣುಮಕ್ಕಳ ಪರಿಸ್ಥಿತಿ ಬಗ್ಗೆ ಹೇಮಾ ಸಮಿತಿ ವರದಿ ಹೊರಗೆ ಬಂತು, ನಮ್ಮಲ್ಲೂ ಅಂಥ ಸಮಿತಿ ಬೇಕು ಅಂತ ಮರುತಿಂಗಳೇ ಕಲಾವಿದರು ಸರ್ಕಾರಕ್ಕೆ ಮನವಿ ಕೊಟ್ಟರು. ನೀವು ಹೊಸಬರು, ಶುರುವಿನಿಂದಲೇ ಸರಿ ಮಾಡಿ. ಆ ದೃಶ್ಯದ ಪ್ರತಿ ಚಲನೆಯನ್ನೂ ಮೊದಲೇ ಹೇಳಿ, ಅಭ್ಯಾಸ ಮಾಡಿ. ನಟಿ ಬೇಡ ಅಂದ ತಕ್ಷಣ ನಿಲ್ಲಬೇಕು. ಇಂಥ ದೃಶ್ಯಗಳಲ್ಲಿ ನಟರ ಸುರಕ್ಷತೆ ನೋಡಿಕೊಳ್ಳೋ ಇಂಟಿಮಸಿ ಕೋಆರ್ಡಿನೇಟರ್ ಇಡೋಕೆ ದುಡ್ಡಿಲ್ಲ ಅಂದ್ರೆ ಆ ದೃಶ್ಯ ತೆಗೆಯೋಕೂ ದುಡ್ಡಿಲ್ಲ ಅಂತಲೇ ತಿಳ್ಕೊಳ್ಳಿ.

ಮಂಜುಮುಸುಕು, ಮಡಿಕೇರಿ

ಎಲ್ಲಾ ಓದಿ, ಎದ್ದು ಹೋಗಿದ್ದವನನ್ನೂ ಕರ್ಕೊಂಡು ಬಂದು ಕೂತು ಮಾತಾಡಿದ್ವಿ. ಈಗಿನ ಮಟ್ಟಿಗೆ ಹೀಗಿದೆ.

ದೌರ್ಜನ್ಯವನ್ನ ತೋರಿಸಲ್ಲ. ಹುಡುಗಿಯರು ಏಲಕ್ಕಿ ಮಲೆ ಕಡೆ ಹೋಗೋದು ಕಾಣುತ್ತೆ, ಆಮೇಲೆ ಒಬ್ಬಳು ವಾಪಸ್ ಬರೋದು ಕಾಣುತ್ತೆ. ಬರೋಳು ಲೈನ್ ಮನೆ ಹುಡುಗಿ. ಏಟು ತಿಂದು ಅವಳು ತಲುಪೋದು ಹತ್ತಿರದ ಮನೆಗೆ, ಅಂದ್ರೆ ಸತ್ತುಹೋದ ಗೆಳತಿಯ ಮನೆಗೆ. ಒಳಗೆ ನಾಲ್ಕು ಜನ ಊಟ ಮಾಡ್ತಿದ್ದಾರೆ. ಏನಾಯ್ತು ಅಂತ ಹೇಳಬಲ್ಲವಳು ಅವಳೊಬ್ಬಳೇ. ಮಾಲೀಕರು ಅವಳ ಮಾತು ನಂಬ್ತಾರಾ? ಮಗಳಿಗಾಗಿ ಸೇಡು ತೀರಿಸೋರು ಹಿಂದಿನ ಕೋಣೆಯಲ್ಲಿ ಉಸಿರಿಗೆ ಒದ್ದಾಡ್ತಿರೋ ಇವಳನ್ನ ಉಳಿಸ್ತಾರಾ? ಎರಡು ಗುಂಡು ಹಾರಿಸಿದ್ರೆ ಊರವರು ಬರ್ತಾರೆ, ಇವಳು ಆಸ್ಪತ್ರೆ ಸೇರ್ತಾಳೆ, ಸೇಡು ತಪ್ಪಿಹೋಗುತ್ತೆ. ಹಾರಿಸದಿದ್ರೆ ಸೇಡು ಸಿಗುತ್ತೆ. ಕೋವಿ ತಾಯಿಯ ಕೈಯಲ್ಲಿರುತ್ತೆ, ಅದರ ಮುಂದೆ ಇನ್ನೂ ಬರೆದಿಲ್ಲ.

ರಾತ್ರಿ ಶೋ

ಸರಿ, ಇದಕ್ಕೆ ನಾನು ಸೋತೆ. ಮೊದಲ ದಿನ ಮೊದಲ ಶೋ.

ಸಿದ್ದಾಪುರದಾಕೆ

ಬರೆದಿರೋದು ಕಳಿಸಿ, ಓದ್ತೀನಿ. ಒಂದು ಷರತ್ತು. ಶೂಟಿಂಗಿಗೆ ಮೊದಲು ನಮ್ಮ ಲೈನಿನ ಹೆಣ್ಣುಮಕ್ಕಳಿಗೆ ಕಥೆಯನ್ನ ಕೂತು ಹೇಳಬೇಕು. ಭಾನುವಾರ ಸಂತೆ ಮುಗಿಸಿ ಬರ್ತಾರೆ, ಸಂಜೆ ಬಿಡುವಿರುತ್ತೆ. ಆ ಹುಡುಗಿ ಹಾಗೆ ಮಾಡಲ್ಲ, ಹಾಗೆ ಮಾತಾಡಲ್ಲ ಅಂತ ಅವರು ಹೇಳಿದ್ರೆ ಬದಲಾಯಿಸಬೇಕು. ಮತ್ತೆ ಅವಳಿಗೊಂದು ಹೆಸರಿಡಿ, ಇನ್ನೂ ಲೈನ್ ಮನೆ ಹುಡುಗಿ ಅಂತಲೇ ಬರೀತಿದ್ದೀರಿ.

ಮಂಜುಮುಸುಕು, ಮಡಿಕೇರಿ

ಒಪ್ಪಿದೆ ಅಕ್ಕಾ. ಹೆಸರನ್ನ ಅವರ ಹತ್ರವೇ ಕೇಳ್ತೀವಿ. ಕಟ್ ಮಾಡಿ ಅಣ್ಣಾ, ಜುಲೈ ಮಳೇಲಿ ನಿಜವಾಗಿ ತೆಗೆಯೋಕಾಗುತ್ತಾ?

ಕಟ್ ಮಾಡಿ

ಜುಲೈ ಬಿಡಿ. ಕ್ಯಾಮೆರಾ ಮುಚ್ಚಿಕೊಂಡು ಕೂರೋದೇ ಆಗುತ್ತೆ, ದಾರಿಯಲ್ಲಿ ಗುಡ್ಡ ಜರಿದ್ರೆ ಜನರ ಜೀವಕ್ಕೆ ಅಪಾಯ. 2018ರ ಭೂಕುಸಿತ ನೋಡಿದವರು ನಾವು. ಒಳಾಂಗಣ ಎಲ್ಲಾ ಮಾರ್ಚಲ್ಲಿ ಮುಗಿಸಿ, ಕಿಟಕಿ ಹೊರಗೆ ಪೈಪಲ್ಲಿ ಮಳೆ ಬಿಡಿ. ಹೊರಗಿನ ದೃಶ್ಯಗಳಿಗೆ ಸೆಪ್ಟೆಂಬರ್ ಕೊನೆ ಇಟ್ಕೊಳ್ಳಿ, ಹಸಿರೂ ಇರುತ್ತೆ, ಮಂಜೂ ಸಿಗುತ್ತೆ. ಜನರೇಟರ್ ಸದ್ದಿಗೆ ಮನೆಯಿಂದ ದೂರ ನಿಲ್ಲಿಸೋ ಜಾಗ ಈಗಲೇ ನೋಡಿಟ್ಕೊಳ್ಳಿ. ಸ್ಕ್ರಿಪ್ಟ್ ನನಗೂ ಕಳಿಸಿ.